ಕೂಲರಿಗಿಂತ ಮೊದಲು ಉಷ್ಣಮಾಪಕ

ಯಂತ್ರವೆಂದರೆ ಕೆಲಸ ಮಾಡುವ ಸಾಧನವೆಂದು ನಾವೆಲ್ಲರೂ ಬಲ್ಲೆವು. ಅದು ಶಾಖವನ್ನು ಹೊರದೂಡಬೇಕಾದ ಸಾಧನವೂ ಹೌದೆಂಬುದನ್ನು ಮಾತ್ರ ಮರೆಯುತ್ತೇವೆ. ಯಂತ್ರವೊಂದರ ದಕ್ಷತೆ ಶೇಕಡ 90 ಎಂದು ಪಠ್ಯಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗಳು ಆ ತೊಂಬತ್ತನ್ನು ಬರೆದಿಟ್ಟುಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಉಳಿದ ಹತ್ತು ಎಲ್ಲಿಗೆ ಹೋಯಿತು, ಅದು ಯಾವ ಭಾಗವನ್ನು ಬಿಸಿಮಾಡಿತು, ಆ ಬಿಸಿಯನ್ನು ಹೊತ್ತು ಹೊರಗೆ ಹಾಕುವವರು ಯಾರು ಎಂಬ ಪ್ರಶ್ನೆಗಳು ಪರೀಕ್ಷೆಯಲ್ಲಿ ಬರುವುದಿಲ್ಲ. ಆದುದರಿಂದ ಯಾರ ಮನಸ್ಸಿಗೂ ಬರುವುದಿಲ್ಲ. ಆದರೆ ಯಂತ್ರದ ಆಯುಷ್ಯವು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಹತ್ತರಿಂದಲೇ.

ಈ ಮಾತಿಗೆ ಮೋಟಾರು ಕಾರಿನ ಸ್ವಯಂಚಾಲಿತ ಗೇರುಪೆಟ್ಟಿಗೆಯು ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ ದೋಣಿಯನ್ನೋ, ಚಕ್ರಗಳ ಮೇಲಿನ ಪುಟ್ಟ ಮನೆಯನ್ನೋ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ರೂಢಿ ಬಹಳವಾಗಿದೆ. ಹಾಗೆ ಎಳೆಯುವವರು ತಮ್ಮ ಕಾರಿಗೆ ಎಣ್ಣೆಯ ಹೆಚ್ಚುವರಿ ಕೂಲರೊಂದನ್ನು ತಾವೇ ಜೋಡಿಸಿಕೊಳ್ಳುವುದುಂಟು. ಇದು ಬೇಸಗೆಯಲ್ಲಿ ಕೋಣೆಯನ್ನು ತಂಪುಮಾಡುವ ಕೂಲರಲ್ಲ. ಗೇರುಪೆಟ್ಟಿಗೆಯ ಎಣ್ಣೆಯನ್ನು ಸಣ್ಣ ದಾರಿಗಳಲ್ಲಿ ಹರಿಯಿಸಿ ಗಾಳಿಗೆ ಒಡ್ಡುವ, ರೇಡಿಯೇಟರನ್ನು ಹೋಲುವ ಚಿಕ್ಕದೊಂದು ಚೌಕಟ್ಟು. ಇದನ್ನು ಪ್ರತಿಯೊಬ್ಬರೂ ಹಾಕಿಸಿಕೊಳ್ಳಲೇಬೇಕೆಂದು ಕೆಲವರೂ, ತಯಾರಕರು ಕೊಟ್ಟುದೇ ಸಾಕು, ಅದನ್ನು ಮುಟ್ಟಕೂಡದೆಂದು ಕೆಲವರೂ ವಾದಿಸುತ್ತಾರೆ. ಈ ಎರಡು ಪಕ್ಷಗಳಲ್ಲಿಯೂ ಇರುವ ದೋಷ ಒಂದೇ ಎಂಬುದು ನನ್ನ ಅಭಿಪ್ರಾಯ. ಎರಡೂ ಅಳೆಯದೆ ಮಾತನಾಡುತ್ತಿವೆ.

ಮೊದಲು ಶಾಖದ ಮೂಲವನ್ನು ನೋಡೋಣ. ಸಾಮಾನ್ಯವಾದ ಗೇರುಪೆಟ್ಟಿಗೆಯಲ್ಲಿ ಎಂಜಿನಿಗೂ ಚಕ್ರಗಳಿಗೂ ನಡುವೆ ಕ್ಲಚ್ಚು ಇರುತ್ತದೆ. ಅದು ಪೂರ್ತಿಯಾಗಿ ಕಚ್ಚಿಕೊಂಡ ಮೇಲೆ ಜಾರುವುದಿಲ್ಲ. ಹೆಚ್ಚಿನ ಸ್ವಯಂಚಾಲಿತ ಗೇರುಪೆಟ್ಟಿಗೆಗಳಲ್ಲಾದರೋ ಆ ಸ್ಥಾನದಲ್ಲಿ ಎಣ್ಣೆಯೇ ಕೆಲಸ ಮಾಡುತ್ತದೆ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇರಿಸಿ ಒಂದಕ್ಕೆ ಮಾತ್ರ ವಿದ್ಯುತ್ತನ್ನು ಕೊಟ್ಟರೆ, ಅದರ ಗಾಳಿಯ ಹೊಡೆತಕ್ಕೆ ಇನ್ನೊಂದರ ರೆಕ್ಕೆಗಳೂ ತಿರುಗತೊಡಗುವುವು. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡು ರೆಕ್ಕೆಚಕ್ರಗಳನ್ನೂ ಒಂದೇ ಗೂಡಿನಲ್ಲಿ ಮುಚ್ಚಿದರೆ ದ್ರವಜೋಡಣೆ ಸಿದ್ಧವಾಯಿತು. ಅವೆರಡರ ನಡುವೆ ಎಣ್ಣೆಯ ದಿಕ್ಕನ್ನು ತಿರುಗಿಸುವ ಮೂರನೆಯದೊಂದು ರೆಕ್ಕೆಚಕ್ರವನ್ನು ಸೇರಿಸಿದರೆ ತಿರುಗುಬಲವನ್ನು ಹೆಚ್ಚಿಸಿಕೊಡುವ ಟಾರ್ಕ್ ಕನ್ವರ್ಟರ್ ಆಗುತ್ತದೆ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟಿಂಗರ್ ಎಂಬುವರು 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟು ಪಡೆದರು. ಅವರ ಉದ್ದೇಶ ಕಾರಾಗಿರಲಿಲ್ಲ. ಹಡಗಿನ ಉಗಿಚಕ್ರದ ವೇಗವನ್ನು ನೀರಿನೊಳಗಿನ ಚಾಲಕ ರೆಕ್ಕೆಗೆ ಹೊಂದಿಸುವುದಾಗಿತ್ತು. ಕಾರುಗಳಲ್ಲಿ ದ್ರವಜೋಡಣೆಯುಳ್ಳ ಸ್ವಯಂಚಾಲಿತ ಗೇರುಪೆಟ್ಟಿಗೆಯು ಜನಸಾಮಾನ್ಯರ ಕೈಗೆ ಬಂದುದು 1939ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಿಂದ ಅದನ್ನು ಕೊಡಲಾರಂಭಿಸಿದಾಗ.

ಇಲ್ಲಿ ಒಂದು ಸೂಕ್ಷ್ಮವಿದೆ. ಎಣ್ಣೆಯ ಮೂಲಕ ಬಲವು ಸಾಗಬೇಕಾದರೆ ಎರಡು ಚಕ್ರಗಳ ವೇಗಗಳಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಇರಲೇಬೇಕು. ವ್ಯತ್ಯಾಸವಿದ್ದಲ್ಲಿ ಎಣ್ಣೆಯ ಪದರಗಳು ಒಂದನ್ನೊಂದು ಉಜ್ಜುತ್ತವೆ. ಉಜ್ಜಿದಲ್ಲಿ ಶಾಖ ಹುಟ್ಟುತ್ತದೆ. ಬ್ರೇಕನ್ನು ಬಲವಾಗಿ ಒತ್ತಿ, ಗೇರಿನಲ್ಲಿಯೇ ಇಟ್ಟು, ಎಂಜಿನನ್ನು ರಭಸವಾಗಿ ಓಡಿಸಿದರೆ ಕಾರು ಕದಲುವುದಿಲ್ಲ; ಕನ್ವರ್ಟರಿಗೆ ಎಂಜಿನು ಕೊಟ್ಟ ಶಕ್ತಿಯೆಲ್ಲವೂ ಎಣ್ಣೆಯನ್ನು ಕಾಯಿಸುವುದರಲ್ಲಿ ಮುಗಿಯುತ್ತದೆ. ಕಾರು ಸಮವೇಗದಲ್ಲಿ ಓಡುವಾಗ ಎರಡು ಚಕ್ರಗಳನ್ನೂ ಒಟ್ಟಿಗೆ ಬಿಗಿದು ಜಾರಿಕೆಯನ್ನು ತಪ್ಪಿಸುವ ಬೀಗದ ಕ್ಲಚ್ಚು ಇಂದಿನ ಗಾಡಿಗಳಲ್ಲಿ ಇದೆಯಾದರೂ, ಭಾರವನ್ನು ಹೇರಿಕೊಂಡು ಏರನ್ನು ಹತ್ತುವಾಗ, ಗೇರು ಮೇಲಿಂದ ಮೇಲೆ ಬದಲಾಗುವಾಗ ಆ ಬೀಗವು ಕಳಚಿಕೊಳ್ಳುವ ಪ್ರಸಂಗಗಳು ಬರುತ್ತವೆ.

ಎಣ್ಣೆ ಕಾದರೆ ಏನಾಗುತ್ತದೆ? ಹಪ್ಪಳ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಒಲೆಗೇರಿಸಿದರೆ ಅದು ಕಪ್ಪಾಗಿ, ಬಾಣಲೆಯ ಅಂಚಿಗೆ ಅಂಟುವುದನ್ನು ಅಡಿಗೆಮನೆಯಲ್ಲಿ ನೋಡಿರುತ್ತೀರಿ. ಗೇರುಪೆಟ್ಟಿಗೆಯ ಎಣ್ಣೆಯ ಗತಿಯೂ ಬೇರೆಯಲ್ಲ. ಬಿಸಿಯಲ್ಲಿ ಅದು ಆಮ್ಲಜನಕದೊಡನೆ ಬೇಗನೆ ಸೇರುತ್ತದೆ, ತೆಳ್ಳಗಾಗುತ್ತದೆ, ಒಳಗಿನ ಕವಾಟಗಳ ಮೇಲೆ ವಾರ್ನಿಷಿನಂತಹ ಲೇಪವನ್ನು ಬಿಡುತ್ತದೆ. ರಬ್ಬರಿನ ಸೀಲುಗಳು ಗಡುಸಾಗುತ್ತವೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗವು ಹೇಗೆ ಏರುತ್ತದೆಯೆಂಬುದನ್ನು ಸ್ವೀಡನ್ನಿನ ವಿಜ್ಞಾನಿ ಸ್ವಾಂತೆ ಅರೀನಿಯಸ್ 1889ರಲ್ಲಿ ಸಮೀಕರಣವಾಗಿ ನಿರೂಪಿಸಿದರು. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗವು ಇಮ್ಮಡಿಯಾಗುವುದೆಂದು ರಸಾಯನಶಾಸ್ತ್ರದ ತರಗತಿಯಲ್ಲಿ ಕಲಿಯುವುದು ಇದರ ಸ್ಥೂಲರೂಪ. ಅಮೆರಿಕದ ಗ್ಯಾರೇಜುಗಳಲ್ಲಿ ಇದನ್ನು ಹೋಲುವ ಒಂದು ನಾಣ್ನುಡಿ ಬಳಕೆಯಲ್ಲಿದೆ: ಸುಮಾರು 80 ಡಿಗ್ರಿ ಸೆಲ್ಸಿಯಸಿನಿಂದ ಮೇಲೆ ಪ್ರತಿ 11 ಡಿಗ್ರಿಗೂ ಎಣ್ಣೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಇಂದಿನ ಕೃತಕ ಎಣ್ಣೆಗಳು ಹೆಚ್ಚು ತಾಳಿಕೆಯುಳ್ಳವಾದುದರಿಂದ ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ದಿಕ್ಕು ಸರಿಯಾಗಿದೆ.

ತಯಾರಕರು ಇದನ್ನು ಅರಿಯದವರಲ್ಲ. ಅನೇಕ ಕಾರುಗಳಲ್ಲಿ ರೇಡಿಯೇಟರಿನ ತೊಟ್ಟಿಯೊಳಗೆ ಎಣ್ಣೆಗಾಗಿಯೇ ಒಂದು ಕೊಳವೆಯನ್ನು ಇರಿಸಿರುತ್ತಾರೆ. ಎಣ್ಣೆಯ ಶಾಖವನ್ನು ಎಂಜಿನಿನ ನೀರು ಹೀರಿಕೊಳ್ಳುತ್ತದೆ. ನೀರಿನ ಶಾಖವನ್ನು ಗಾಳಿಯು ಒಯ್ಯುತ್ತದೆ. ಏರ್ಪಾಟು ಸೊಗಸಾದುದೇ. ಆದರೆ ಶಾಖವು ತಾನಾಗಿ ಹರಿಯುವುದು ಬಿಸಿಯಾದುದರಿಂದ ತಣ್ಣಗಿನದಕ್ಕೆ ಮಾತ್ರ. ನೀರು 90 ಡಿಗ್ರಿಯಲ್ಲಿದ್ದರೆ ಅದರ ಸಹಾಯದಿಂದ ಎಣ್ಣೆಯನ್ನು 90ಕ್ಕಿಂತ ಕೆಳಗೆ ಇಳಿಸುವುದು ಸಾಧ್ಯವಿಲ್ಲ. ಏರಿನಲ್ಲಿ ಎಂಜಿನೇ ಬಳಲಿ ನೀರು 105ಕ್ಕೆ ಏರಿತೆನ್ನಿ. ಎಣ್ಣೆಗೆ ಸಹಾಯವು ಅತ್ಯಗತ್ಯವಾದ ಆ ಗಳಿಗೆಯಲ್ಲಿಯೇ ಸಹಾಯವು ಕುಗ್ಗುತ್ತದೆ.

ಈಗ ಒಂದು ನಿಜವಾದ ರಸ್ತೆಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಅಮೆರಿಕದ ಅರಿಜೋನ ರಾಜ್ಯದಲ್ಲಿ, ಕೊಲರಾಡೊ ನದಿಗೆ ಕಟ್ಟಿರುವ ಡೇವಿಸ್ ಅಣೆಕಟ್ಟಿನ ಬಳಿಯಿಂದ ಮರುಭೂಮಿಯ ನಡುವೆ ಒಂದು ರಸ್ತೆಯು ಬೆಟ್ಟವನ್ನು ಏರುತ್ತದೆ. ಅದರ ಉದ್ದ ಸುಮಾರು 18 ಕಿಲೋಮೀಟರು. ಏರುವ ಎತ್ತರ ಸುಮಾರು 900 ಮೀಟರು. ವಾಹನವೊಂದು ಎಷ್ಟು ಭಾರವನ್ನು ಎಳೆಯಬಲ್ಲುದೆಂದು ತಯಾರಕರು ತಮಗೆ ತೋಚಿದಂತೆ ಹೇಳಿಕೊಳ್ಳುವುದನ್ನು ತಪ್ಪಿಸಲು ಅಲ್ಲಿನ ಆಟೊಮೋಟಿವ್ ಎಂಜಿನಿಯರುಗಳ ಸಂಘವಾದ ಎಸ್.ಎ.ಇ. 2008ರಲ್ಲಿ ಜೆ 2807 ಎಂಬ ಮಾನಕವನ್ನು ಪ್ರಕಟಿಸಿತು. ಅದರ ಒಂದು ಪರೀಕ್ಷೆಗೆ ಆಧಾರವಾಗಿರುವುದು ಈ ಏರೇ. ಹೊರಗಿನ ಬಿಸಿಲು ಸುಮಾರು 38 ಡಿಗ್ರಿ ಇರಬೇಕು. ಕಾರಿನೊಳಗಿನ ಹವಾನಿಯಂತ್ರಣ ಪೂರ್ಣವಾಗಿ ನಡೆಯುತ್ತಿರಬೇಕು. ಸಾಮಾನ್ಯ ವಾಹನವು ಭಾರವನ್ನು ಎಳೆಯುತ್ತ ಗಂಟೆಗೆ ಸುಮಾರು 64 ಕಿಲೋಮೀಟರಿಗಿಂತ ಕೆಳಗೆ ಇಳಿಯದಂತೆ ಹತ್ತಬೇಕು.

ಕಾರು ಮತ್ತು ಹಿಂದಿನ ಬಂಡಿ ಸೇರಿ 4000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಈ ತೂಕವನ್ನು 900 ಮೀಟರು ಎತ್ತಲು ಬೇಕಾದ ಶಕ್ತಿ 4000 × 9.8 × 900, ಅಂದರೆ ಸುಮಾರು 3 ಕೋಟಿ 53 ಲಕ್ಷ ಜೌಲು. ಸೆಕೆಂಡಿಗೆ 18 ಮೀಟರಿನಂತೆ 18 ಕಿಲೋಮೀಟರನ್ನು ಸಾಗಲು 1000 ಸೆಕೆಂಡು ಬೇಕು. ಭಾಗಿಸಿದರೆ ಸುಮಾರು 35 ಕಿಲೋವ್ಯಾಟು. ಗಾಳಿಯ ತಡೆಯನ್ನೂ ಟೈರುಗಳ ಘರ್ಷಣೆಯನ್ನೂ ಸದ್ಯಕ್ಕೆ ಬಿಟ್ಟುಬಿಡೋಣ. ಬೀಗವು ಕಳಚಿದ್ದು ಗೇರುಪೆಟ್ಟಿಗೆಯ ದಕ್ಷತೆ ಶೇಕಡ 90 ಆಗಿದ್ದರೆ ಅದರೊಳಗೆ ಹುಟ್ಟುವ ಶಾಖ ಸುಮಾರು 4 ಕಿಲೋವ್ಯಾಟು. ಮನೆಯ ಬಚ್ಚಲಿನ 2 ಕಿಲೋವ್ಯಾಟಿನ ಗೀಸರುಗಳೆರಡನ್ನು ಗೇರುಪೆಟ್ಟಿಗೆಯೊಳಗೆ ಇರಿಸಿ ಹದಿನೇಳು ನಿಮಿಷ ಉರಿಸಿದಂತಾಯಿತು!

ಈ ಶಾಖವು ಹೊರಹೋಗುವ ದಾರಿಯೇ ಇಲ್ಲವೆಂದು ಭಾವಿಸಿದರೆ ಫಲವೇನು? ಎಣ್ಣೆ 8 ಕಿಲೋಗ್ರಾಂ, ಅದರ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ ಸುಮಾರು 2000 ಜೌಲು. ಗೇರುಪೆಟ್ಟಿಗೆಯ ಲೋಹವನ್ನು 60 ಕಿಲೋಗ್ರಾಂ ಅಲ್ಯೂಮಿನಿಯಂ ಎಂದು ಎಣಿಸಿದರೆ ಅದರ ವಿಶಿಷ್ಟೋಷ್ಣ ಸುಮಾರು 900. ಎರಡನ್ನೂ ಕೂಡಿಸಿದರೆ ಒಂದು ಡಿಗ್ರಿ ಏರಿಸಲು 70,000 ಜೌಲು ಬೇಕು. ಹುಟ್ಟಿದ ಶಾಖ 40 ಲಕ್ಷ ಜೌಲು. ಆದುದರಿಂದ ಉಷ್ಣತೆ 57 ಡಿಗ್ರಿ ಏರುತ್ತದೆ. 90ರಲ್ಲಿ ಹೊರಟ ಎಣ್ಣೆ ಬೆಟ್ಟದ ತುದಿಯಲ್ಲಿ 147 ಆಗಿರುತ್ತದೆ. ಗ್ಯಾರೇಜಿನ ನಾಣ್ನುಡಿಯನ್ನು ಇಲ್ಲಿ ಅನ್ವಯಿಸಿ ನೋಡಿ: 80ರಿಂದ ಆರು ಮೆಟ್ಟಿಲು ಮೇಲೆ, ಆಯುಷ್ಯ 64ರಲ್ಲಿ ಒಂದು ಪಾಲು. ಹಾಳಾದ ಗೇರುಪೆಟ್ಟಿಗೆಯನ್ನು ಬಿಚ್ಚಿ ಪುನಃ ಕಟ್ಟಿಸಲು ಅಲ್ಲಿ ಸಾವಿರಾರು ಡಾಲರು ಬೇಕಾಗುತ್ತದೆ. ಇಂತಹ ದುಡಿಮೆಗೆ ಹೂಡಿದ ಕಾರಿಗೆ ಹೆಚ್ಚುವರಿ ಕೂಲರು ಶೋಕಿಯಲ್ಲ, ಅಗತ್ಯ. ಮೊದಲನೆಯ ಪಕ್ಷದವರ ಮಾತಿನಲ್ಲಿರುವ ಸತ್ಯಾಂಶ ಇದು.

ಕೂಲರನ್ನು ಜೋಡಿಸುವ ಕ್ರಮದಲ್ಲಿಯೂ ಭೌತಶಾಸ್ತ್ರದ ಪಾಠವೇ ಇದೆ. ಗೇರುಪೆಟ್ಟಿಗೆಯಿಂದ ಹೊರಟ ಎಣ್ಣೆಯು ಮೊದಲು ರೇಡಿಯೇಟರಿನ ತೊಟ್ಟಿಯನ್ನು ಹಾದು, ಅನಂತರ ಹೊಸ ಕೂಲರಿನಲ್ಲಿ ಹರಿದು, ಅಲ್ಲಿಂದ ನೇರವಾಗಿ ಹಿಂದಿರುಗುವುದೇ ಸಾಮಾನ್ಯವಾಗಿ ಯೋಗ್ಯವಾದ ಕ್ರಮ. ಇದನ್ನು ತಲೆಕೆಳಗು ಮಾಡಿದರೆ, ಗಾಳಿಯಲ್ಲಿ 70 ಡಿಗ್ರಿಗೆ ಇಳಿದ ಎಣ್ಣೆಯನ್ನು 90 ಡಿಗ್ರಿಯ ನೀರು ಮತ್ತೆ ಕಾಯಿಸುತ್ತದೆ. ಆರಿಸಿದ ಕಾಫಿಯನ್ನು ಪುನಃ ಒಲೆಯ ಮೇಲಿಟ್ಟಂತೆ. ಕೊಳವೆಗಳ ಬಾಯಿ ಕೆಳಮುಖವಾಗಿದ್ದರೆ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಬಿದ್ದು ಅಷ್ಟು ಮೇಲ್ಮೈ ವ್ಯರ್ಥವಾಗಬಹುದು. ಆದುದರಿಂದ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇರಬೇಕು. ರಬ್ಬರು ಕೊಳವೆಯು ಬಿಸಿ ಎಣ್ಣೆಗೂ ಅದರ ಒತ್ತಡಕ್ಕೂ ತಕ್ಕುದಾಗಿರಬೇಕು. ಪೆಟ್ರೋಲಿಗೆ ಮಾಡಿದ ಕೊಳವೆ ಸಾಲದು. ಅದನ್ನು ಚೂಪಾಗಿ ಮಡಿಸಿದರೆ ಹರಿವು ಕಟ್ಟುತ್ತದೆ. ಚೌಕಟ್ಟನ್ನು ರೇಡಿಯೇಟರಿನ ತೆಳು ತಗಡುಗಳ ಮೂಲಕ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿಯುವುದು ಸುಲಭವಾದರೂ, ಕಂಪನದಿಂದ ಲೋಹವು ಸವೆದು ತೂತಾಗುವ ಭಯವುಂಟು. ಲೋಹದ ಪಟ್ಟಿಗಳಿಂದ ಗಾಡಿಯ ಚೌಕಟ್ಟಿಗೇ ಬಿಗಿಯುವುದು ಲೇಸು. ಕೂಲರು ತಾನೂ ಸ್ವಲ್ಪ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ಕೆಲಸ ಮುಗಿದ ಮೇಲೆ ತಯಾರಕರು ಹೇಳಿದ ವಿಧಾನದಲ್ಲಿ ಮಟ್ಟವನ್ನು ಪರೀಕ್ಷಿಸಿ, ಅವರು ಹೇಳಿದ ಎಣ್ಣೆಯನ್ನೇ ತುಂಬತಕ್ಕದ್ದು.

ಇನ್ನು, ಒಂದು ಕೂಲರು ಒಳ್ಳೆಯದಾದರೆ ಎಲ್ಲರಿಗೂ ಒಂದು, ಸಾಧ್ಯವಾದರೆ ದೊಡ್ಡದೊಂದು, ಏಕೆ ಬೇಡ? 1701ರಲ್ಲಿ ನ್ಯೂಟನ್ನನು ಪ್ರಕಟಿಸಿದ ತಣಿಯುವಿಕೆಯ ನಿಯಮವು ಇದಕ್ಕೆ ಉತ್ತರ ಹೇಳುತ್ತದೆ. ವಸ್ತುವು ಕಳೆದುಕೊಳ್ಳುವ ಶಾಖವು ಅದಕ್ಕೂ ಸುತ್ತಣ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆ. ನಮ್ಮ ಕೂಲರು ಅಂತರದ ಪ್ರತಿ ಡಿಗ್ರಿಗೂ 50 ವ್ಯಾಟನ್ನು ಹೊರಹಾಕುವುದೆಂದು ಭಾವಿಸೋಣ. ಡೇವಿಸ್ ಏರಿನಲ್ಲಿ 4000 ವ್ಯಾಟು ಹೊರಹೋಗಲು 80 ಡಿಗ್ರಿ ಅಂತರ ಬೇಕು. 38 ಡಿಗ್ರಿಯ ಗಾಳಿಯಲ್ಲಿ ಎಣ್ಣೆಯು 118ರಲ್ಲಿ ನಿಲ್ಲುತ್ತದೆ. ರೇಡಿಯೇಟರಿನ ನೆರವೂ ಸೇರಿದರೆ ಇನ್ನೂ ಕೆಳಗೆ. ಅದೇ ಕಾರು, ಬಂಡಿಯನ್ನು ಕಳಚಿ, ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಗೇರುಪೆಟ್ಟಿಗೆಯಲ್ಲಿ 500 ವ್ಯಾಟು ಮಾತ್ರ ಶಾಖ ಹುಟ್ಟಲಿ. ಆಗ ಬೇಕಾದ ಅಂತರ ಬರಿಯ 10 ಡಿಗ್ರಿ. ಉತ್ತರ ಅಮೆರಿಕದ ಚಳಿಗಾಲದಲ್ಲಿ ಗಾಳಿಯು ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ, ರೇಡಿಯೇಟರನ್ನು ಬಿಟ್ಟು ಕೂಲರನ್ನೇ ನಂಬಿದವರ ಎಣ್ಣೆ, ಈ ಸ್ಥೂಲವಾದ ಲೆಕ್ಕದ ಪ್ರಕಾರ, ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇರುತ್ತದೆ!

ಅಂತಹ ಎಣ್ಣೆಯಿಂದ ಕೆಲಸವಾಗದು. ಮಲೆನಾಡಿನ ಮನೆಗಳಲ್ಲಿ ಚಳಿಯ ಬೆಳಿಗ್ಗೆ ಜೋನಿಬೆಲ್ಲವು ಪಾತ್ರೆಯಿಂದ ಇಳಿಯಲೊಲ್ಲದು. ಸ್ವಲ್ಪ ಬಿಸಿಮಾಡಿದರೆ ಸರಾಗವಾಗಿ ಸುರಿಯುತ್ತದೆ. ಎಣ್ಣೆಯ ಸ್ನಿಗ್ಧತೆಯೂ ಹೀಗೆಯೇ ಉಷ್ಣತೆಯನ್ನು ಅವಲಂಬಿಸಿದೆ. ಗಟ್ಟಿಯಾದ ಎಣ್ಣೆಯು ಸಣ್ಣ ದಾರಿಗಳಲ್ಲಿ ತಡವರಿಸುತ್ತದೆ, ಗೇರುಗಳ ಬದಲಾವಣೆಯು ಒರಟಾಗುತ್ತದೆ. ಗೇರುಪೆಟ್ಟಿಗೆಯನ್ನು ರೂಪಿಸಿದವರು ಎಣ್ಣೆಯು ಸಾಮಾನ್ಯವಾಗಿ 80ರಿಂದ 95 ಡಿಗ್ರಿಯ ಆಸುಪಾಸಿನಲ್ಲಿ ಇರುವುದೆಂದು ಎಣಿಸಿರುತ್ತಾರೆ. ಅಲ್ಲಿಗೆ ಅದನ್ನು ಬೇಗನೆ ಮುಟ್ಟಿಸುವುದೂ ರೇಡಿಯೇಟರಿನ ಬಿಸಿನೀರಿನ ಕೆಲಸವೇ. ಅದನ್ನು ಬರಿಯ ತಣಿಸುವ ಸಾಧನವೆಂದು ಎಣಿಸಿ ದಾರಿಯಿಂದ ತೆಗೆದುಹಾಕುವುದು ಚಳಿನಾಡಿನಲ್ಲಿ ಅವಿವೇಕ. ಎಣ್ಣೆಯು ತಣ್ಣಗಿರುವಾಗ ಕೂಲರನ್ನು ಬಳಸಿ ಹೋಗುವಂತೆ ಮಾಡುವ, ಉಷ್ಣತೆಗೆ ತಕ್ಕಂತೆ ತಾನೇ ತೆರೆದು ಮುಚ್ಚುವ ಕವಾಟವು ದೊರೆಯುತ್ತದೆ. ಚಳಿಯಲ್ಲಿ ಓಡಿಸುವವರಿಗೆ ಅದು ಬೇಕು.

ಇನ್ನೊಂದು ಮಾತು. ಕೂಲರು ಶಾಖವನ್ನು ಇಲ್ಲವಾಗಿಸುವುದಿಲ್ಲ; ಗಾಳಿಗೆ ಒಪ್ಪಿಸುತ್ತದೆ, ಅಷ್ಟೆ. ರೇಡಿಯೇಟರಿನ ಮುಂದೆ ಅದನ್ನು ನಿಲ್ಲಿಸಿದರೆ, ಅದು ಬಿಸಿಮಾಡಿದ ಗಾಳಿಯೇ ರೇಡಿಯೇಟರಿಗೆ ಸಿಗುವುದು. ಸೆಕೆಂಡಿಗೆ 1 ಕಿಲೋಗ್ರಾಂ ಗಾಳಿ ಹಾಯುತ್ತಿದ್ದರೆ 4 ಕಿಲೋವ್ಯಾಟಿನಿಂದ ಆ ಗಾಳಿ ಸರಾಸರಿ 4 ಡಿಗ್ರಿ ಬಿಸಿಯಾಗುತ್ತದೆ. ಇದೇನೂ ದೊಡ್ಡ ನಷ್ಟವಲ್ಲ. ಆದರೆ ಬೇಕಿಲ್ಲದ ಕಡೆ ಬೇಕಿಲ್ಲದಷ್ಟು ದೊಡ್ಡ ಚೌಕಟ್ಟನ್ನು ನಿಲ್ಲಿಸಿದರೆ ಗಾಳಿಯ ದಾರಿಗೂ ಅಡ್ಡಿ. ಅಷ್ಟೇ ಅಲ್ಲದೆ ಹೊಸದಾಗಿ ಸೇರಿಸಿದ ಪ್ರತಿಯೊಂದು ಕೊಳವೆಯ ಕೀಲೂ ಸೋರಬಹುದಾದ ಸ್ಥಳವೇ.

ನಮ್ಮ ನಾಡಿನವರು ಇದರಿಂದ ತಿಳಿಯಬೇಕಾದುದೇನು? ಇಲ್ಲಿ ಕಾರಿನ ಹಿಂದೆ ಮನೆಯನ್ನು ಕಟ್ಟಿ ಎಳೆಯುವವರು ವಿರಳ. ಆದರೆ ಬೆಂಗಳೂರಿನ ವಾಹನಸಂದಣಿಯಿಂದ ಬೇಸತ್ತು ಸ್ವಯಂಚಾಲಿತ ಕಾರನ್ನು ಕೊಳ್ಳುವವರು ಅನೇಕರಿದ್ದಾರೆ. ಆ ಕಾರುಗಳು ಆಗುಂಬೆ, ಚಾರ್ಮಾಡಿ ಘಾಟಿಗಳನ್ನೂ ಹತ್ತುತ್ತವೆ. ಇಲ್ಲಿ ‘ಸ್ವಯಂಚಾಲಿತ’ ಎಂಬ ಒಂದೇ ಹೆಸರಿನಲ್ಲಿ ಭಿನ್ನವಾದ ಯಂತ್ರಗಳು ಅಡಗಿವೆಯೆಂಬುದನ್ನು ಗಮನಿಸಬೇಕು. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಬಳಕೆಗೆ ಬಂದ ಎ.ಎಂ.ಟಿ. ಎಂಬ ಅಗ್ಗದ ವಿಧಾನದಲ್ಲಿ ಇರುವುದು ಸಾಮಾನ್ಯ ಕ್ಲಚ್ಚು, ಸಾಮಾನ್ಯ ಗೇರುಪೆಟ್ಟಿಗೆ. ಅವನ್ನು ಚಾಲಕನ ಕೈಕಾಲುಗಳ ಬದಲು ಯಂತ್ರವೊಂದು ನಡೆಸುತ್ತದೆ. ಅದರಲ್ಲಿ ಟಾರ್ಕ್ ಕನ್ವರ್ಟರೂ ಇಲ್ಲ, ಹೊರಗೆ ಹರಿದುಬಂದು ತಣಿಯಬೇಕಾದ ಎಣ್ಣೆಯೂ ಇಲ್ಲ. ಅದಕ್ಕೆ ಕೂಲರನ್ನು ಜೋಡಿಸುವೆನೆನ್ನುವುದು ಗಾಳಿಪಟಕ್ಕೆ ಹುಟ್ಟುಗೋಲನ್ನು ಕಟ್ಟಿದಂತೆ. ಟಾರ್ಕ್ ಕನ್ವರ್ಟರ್ ಇರುವ ಕಾರುಗಳಲ್ಲಿಯೂ ಘಾಟಿಯಲ್ಲಿ ಕೆಳಗಿನ ಗೇರನ್ನು ಆರಿಸಿ ಜಾರಿಕೆಯನ್ನು ಕಡಮೆಮಾಡುವುದು, ತಯಾರಕರು ಹೇಳಿದ ಮಿತಿಗಿಂತ ಹೆಚ್ಚು ಭಾರವನ್ನು ಹೇರದಿರುವುದು, ಎಣ್ಣೆಯನ್ನು ಸಕಾಲದಲ್ಲಿ ಬದಲಾಯಿಸುವುದು, ಇವು ಕಾಸು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಉಪಾಯಗಳು. ಇವೆಲ್ಲವನ್ನೂ ಮಾಡಿದ ಮೇಲೂ ಎಣ್ಣೆ ಕಾಯುತ್ತಿದ್ದರೆ ಕೂಲರಿನ ಯೋಚನೆ ಮಾಡಬಹುದು.

ಆದರೆ ಕಾಯುತ್ತಿದೆಯೆಂದು ತಿಳಿಯುವುದು ಹೇಗೆ? ವಿಷಯದ ತಿರುಳು ಇಲ್ಲಿದೆ. ಹೆಚ್ಚಿನ ಕಾರುಗಳಲ್ಲಿ ಚಾಲಕನ ಮುಂದಣ ಹಲಗೆಯು ಕಾರಿನ ವೇಗವನ್ನು ತೋರಿಸುತ್ತದೆ, ಪೆಟ್ರೋಲನ್ನು ತೋರಿಸುತ್ತದೆ. ಗೇರುಪೆಟ್ಟಿಗೆಯ ಎಣ್ಣೆಯ ಉಷ್ಣತೆಯನ್ನು ತೋರಿಸುವುದಿಲ್ಲ. ಕೆಲವು ಟ್ರಕ್ಕುಗಳಲ್ಲಿ ಮಾತ್ರ ಆ ಮುಳ್ಳು ಇರುತ್ತದೆ. ಮಿಕ್ಕವುಗಳಲ್ಲಿ ಬಹಳವಾದರೆ ಒಂದು ಎಚ್ಚರಿಕೆಯ ದೀಪ. ಅದು ಹೊತ್ತಿಕೊಳ್ಳುವಷ್ಟರಲ್ಲಿ ಎಣ್ಣೆಯು ಬೆಂದಿರಲೂಬಹುದು. ವಿಚಿತ್ರವೆಂದರೆ ಇಂದಿನ ಅನೇಕ ಸ್ವಯಂಚಾಲಿತ ಗೇರುಪೆಟ್ಟಿಗೆಗಳೊಳಗೆ ಉಷ್ಣತೆಯನ್ನು ಅಳೆಯುವ ಸಂವೇದಕವು ಇದ್ದೇ ಇರುತ್ತದೆ. ಗೇರುಗಳನ್ನು ಬದಲಾಯಿಸುವ ಗಣಕಕ್ಕೆ ಆ ಅಂಕಿ ತಿಳಿದಿರುತ್ತದೆ. ಹಣ ಕೊಟ್ಟು ಕೊಂಡವನಿಗೆ ಮಾತ್ರ ತಿಳಿಯುವುದಿಲ್ಲ. ಗ್ಯಾರೇಜಿನವರು ದೋಷವನ್ನು ಓದಲು ಬಳಸುವ ಸಣ್ಣ ಉಪಕರಣವನ್ನು ಚಾಲಕನ ಕಾಲಿನ ಬಳಿಯ ಕೂಡುಗುಣಿಗೆ ಸೇರಿಸಿದರೆ ಅನೇಕ ಕಾರುಗಳಲ್ಲಿ ಅದನ್ನು ಓದಬಹುದು. ಆ ಉಪಕರಣದ ಬೆಲೆ ಹೆಚ್ಚಲ್ಲ.

ಈ ಅಂಕಿಯನ್ನು ಚಾಲಕನಿಗೆ ತೋರಿಸತಕ್ಕದ್ದೆಂದು ನಾನು ವಾದಿಸುತ್ತೇನೆ. ತಿಳಿಯದವರು ಸುಮ್ಮನೆ ಗಾಬರಿಯಾಗುವರೆಂಬ ಆಕ್ಷೇಪಣೆ ಬರಬಹುದು. ಜ್ವರವನ್ನು ಅಳೆದರೆ ತಾಯಂದಿರು ಗಾಬರಿಯಾಗುವರೆಂದು ಮನೆಯಲ್ಲಿ ಥರ್ಮಾಮೀಟರನ್ನು ಇಡಬಾರದೆಂದು ಯಾರಾದರೂ ಹೇಳುವರೆ? ಅಂಕಿಯು ಗಾಬರಿಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಗಾಬರಿಯನ್ನು ಕಳೆಯುತ್ತದೆ. ಘಾಟಿಯ ನಡುವೆ 92 ಡಿಗ್ರಿಯನ್ನು ಕಂಡವನು ನಿಶ್ಚಿಂತೆಯಿಂದ ಹೋಗುತ್ತಾನೆ, ಮಾರುವವರ ಮಾತಿಗೆ ಮರುಳಾಗಿ ಬೇಡದ ಕೂಲರನ್ನು ಕೊಳ್ಳುವುದಿಲ್ಲ. 125ನ್ನು ಕಂಡವನು ರಸ್ತೆಯ ಬದಿಗೆ ಸರಿದು, ಗೇರನ್ನು ಬಿಡಿಸಿ, ಎಂಜಿನು ನಿಧಾನವಾಗಿ ಓಡುತ್ತಿರಲು ಎಣ್ಣೆಯು ತಣಿಯುವವರೆಗೆ ಕಾಯುತ್ತಾನೆ. ಊರಿಗೆ ಮರಳಿದ ಮೇಲೆ ತನಗೆ ಎಷ್ಟು ದೊಡ್ಡ ಕೂಲರು ಬೇಕೆಂದು ಲೆಕ್ಕ ಹಾಕುತ್ತಾನೆ.

ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟೆ. ನಿಮ್ಮ ಮನೆಯಲ್ಲಿ ಕಾರಿರಲಿ, ಇಲ್ಲದಿರಲಿ, ಶಾಖವನ್ನು ಹೊರಹಾಕುವ ಯಂತ್ರಗಳು ಇದ್ದೇ ಇವೆ: ರೆಫ್ರಿಜಿರೇಟರಿನ ಹಿಂಬದಿ, ಮಿಕ್ಸಿಯ ಮೋಟಾರು, ಹೊಲದ ಪಂಪುಸೆಟ್ಟು. ಯಾವುದಾದರೊಂದನ್ನು ಆರಿಸಿಕೊಂಡು ಅದರ ಹೊರಮೈಯ ಉಷ್ಣತೆಯನ್ನು, ಹಿರಿಯರ ಸಮ್ಮುಖದಲ್ಲಿ, ಐದು ನಿಮಿಷಕ್ಕೊಮ್ಮೆ ಅಳೆದು ನಕ್ಷೆ ಬರೆಯಿರಿ. ರೇಖೆಯು ಮೊದಲು ನೇರವಾಗಿ ಏರಿ, ಬಾಗಿ, ಒಂದು ಮಟ್ಟದಲ್ಲಿ ನಿಲ್ಲುವುದನ್ನು ಕಾಣುವಿರಿ. ಹುಟ್ಟುವ ಶಾಖವೂ ಹೊರಹೋಗುವ ಶಾಖವೂ ಸಮವಾದ ಸ್ಥಳ ಅದು. ರೇಖೆಯು ಬಾಗದೆ ಏರುತ್ತಲೇ ಇದ್ದರೆ ಆ ಯಂತ್ರಕ್ಕೆ ಯಾರಾದರೂ ನೆರವಾಗಬೇಕು. ಯಾವ ನೆರವು, ಎಷ್ಟು ಎಂಬುದನ್ನು ನಕ್ಷೆಯೇ ಹೇಳುತ್ತದೆ. ಅಂಗಡಿಗೆ ಹೋಗುವುದು ಅದರ ಅನಂತರ.